ಕಂದು ರೋಗದ ‘ಕಂದು’ ಬಣ್ಣದ್ದಾ, ಕರುದ್ದಾ?

ಎಲ್ರಿಗೂ ನಮಸ್ಕಾರ. ಮೊನ್ನೆ ನಮ್ಮೂರ ಡೈರಿ ಗೋಡೆ ಮೇಲೆ ‘ಕಂದು ರೋಗದ ಲಸಿಕೆ, 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ’ ಅಂತ ಚೀಟಿ ಅಂಟಿಸಿದ್ರು. ಬೆಂಗಳೂರಿಂದ ಬಂದಿದ್ದ ತಂಗಿ ಮಗ ಅದನ್ನ ಓದಿ, ‘ಮಾವ, ಕರು ಮೈಯೆಲ್ಲ ಬ್ರೌನ್ ಆಗತ್ತಾ?’ ಅಂದ. ನಗು ಬಂತು, ಆದ್ರೆ ಅವನಿಗೆ ಬಿಡಿಸಿ ಹೇಳಕ್ಕೆ ಹೋದ್ರೆ ನಾನೇ ತಡವರಿಸಿದೆ.

ಕಾಯಿಲೆ ಬ್ರೂಸೆಲ್ಲೋಸಿಸ್. ಗಬ್ಬದ ಹಸು ದಿನ ತುಂಬೋ ಮೊದ್ಲೇ ಕರು ಕಳ್ಕೊಂಡ್ರೆ ‘ಕಂದು ಹಾಕ್ತು’ ಅಂತೀವಲ್ಲ, ಆ ಕಂದು ಇದು. ಕಂದ, ಕಂದಮ್ಮ ಎಲ್ಲ ಇದೇ ಬಳಗದ್ದು ಅಂತ ನನ್ನ ಅನಿಸಿಕೆ, ತುಳುವರು ಹವ್ಯಕರು ಕರುಗೆ ಕಂಜಿ ಅಂತಾರಲ್ಲ ಅದೂ ಇಲ್ಲಿಗೇ ಸೇರತ್ತೇನೋ. ಬಣ್ಣದ ಕಂದು, ‘ಮುಖ ಕಂದಿತು’ ಅನ್ನೋ ಕಂದು ಬೇರೆ ದಾರಿಯವು.

ಇಲ್ಲೀವರೆಗೆ ಸರಿ. ನನ್ನ ತಕರಾರು ಮುಂದಿಂದು. 2019ರಲ್ಲಿ ಕೇಂದ್ರ ಸರ್ಕಾರ ಜಾನುವಾರು ರೋಗ ನಿಯಂತ್ರಣಕ್ಕೆ ಅಂತ ದೇಶಕ್ಕೆಲ್ಲ ಒಂದು ಕಾರ್ಯಕ್ರಮ ಶುರು ಮಾಡ್ತಲ್ಲ, ಅದ್ರಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಇದನ್ನೂ ಸೇರಿಸಿದ್ರು, ಆದ್ರೆ ಕಾಲುಬಾಯಿ ಜ್ವರ ದನದ ಪಾಡು, ಇದು ಹಾಗಲ್ಲ, ಕಾಯಿಸದ ಹಾಲು ಕುಡಿದ್ರೆ, ಬಿದ್ದ ಕಂದು, ಸತ್ತೆ (ಮಾಸು) ಬರಿಗೈಲಿ ಎತ್ತಿ ಹಾಕಿದ್ರೆ ಮನುಷ್ಯರಿಗೂ ಅಂಟತ್ತೆ. ಬಿಟ್ಟುಬಿಟ್ಟು ಜ್ವರ, ಬೆವರು, ಕೀಲುನೋವು. ದನ ಕಟ್ಟಿದ ಗಂಡಸೊಬ್ಬ ತಿಂಗಳುಗಟ್ಲೆ ಜ್ವರದಲ್ಲಿ ಮಲಗಿದ್ರೆ ಅವನಿಗೆ ‘ಕಂದು ರೋಗ’ ಅಂತ ಹೇಳೋದು ಹೇಗೆ? ಅವನೇನು ಕಂದು ಹಾಕ್ತಾನಾ! ಹೆಸರಲ್ಲಿ ಹಸುವಿನ ನಷ್ಟ ಇದೆ, ಅವನ ಜ್ವರ ಇಲ್ಲ. ಇಂಗ್ಲಿಷಲ್ಲಿ ಉಲ್ಟಾ, 1887ರಲ್ಲಿ ಡೇವಿಡ್ ಬ್ರೂಸ್ ಅನ್ನೋ ಮಿಲಿಟರಿ ಡಾಕ್ಟರು ಮಾಲ್ಟಾದಲ್ಲಿ ಸತ್ತ ಸಿಪಾಯಿಗಳಲ್ಲಿ ಈ ರೋಗಾಣು ಹಿಡಿದದ್ದು, ಅದಕ್ಕೆ ಮಾಲ್ಟಾ ಜ್ವರ ಅಂತಿದ್ರು, ಅಲ್ಲಿ ಹರಡಿದ್ದು ಮೇಕೆ ಹಾಲಿಂದ ಆದ್ರೂ ಹೆಸರಲ್ಲಿ ಮೇಕೆಗೇ ಜಾಗ ಇಲ್ಲ.

ಮಂಗನ ಕಾಯಿಲೆ ಅಂತ ಮನುಷ್ಯರಿಗೂ ಅಂತೀವಲ್ಲ ಅನ್ನಬಹುದು ನೀವು. ಹೌದು, ಕಚ್ಚೋದು ಉಣುಗು ಆದ್ರೂ ಹೆಸರು ಮಂಗನದ್ದೇ, ಆದ್ರೂ ಮಲೆನಾಡಲ್ಲಿ ಯಾರಿಗೂ ಗೊಂದಲ ಇಲ್ಲ. ಅದು ಮಂಗಗಳ ಜೊತೆ ಮನುಷ್ಯರನ್ನೂ ಕೊಂದು ಹೆಸರು ಮಾಡಿದ ಕಾಯಿಲೆ. ಕಂದು ರೋಗಕ್ಕೆ ಆ ದಾರಿ ಬೇಡ ಮಾರಾಯ್ರೆ.

ಡೈರಿ ಚೀಟಿಗೆ ಮನುಷ್ಯರ ವಿಷಯನೂ ಎರಡು ಸಾಲು ಸೇರಿಸಿ ಬರ್ಕೊಡಿ ಅಂದಿದಾರೆ. ‘ಕಂದು ಜ್ವರ’ ಅಂತ ಬರೆದ್ರೆ ಮತ್ತೆ ಬಣ್ಣ ಅನ್ಕೊಂತಾರಾ? ನಿಮ್ಮ ಕಡೆ, ಅದ್ರಲ್ಲೂ ಕುರಿ ಸಾಕೋರ ಮಾತಲ್ಲಿ, ಇದಕ್ಕೆ ಬೇರೆ ಪದ ಇದ್ರೆ ತಿಳಿಸಿ.