ಹೊರದೇಶಕ್ಕೆ ಹೋಗಿ ನೆಲೆಸಿದವರೇ, ನಿಮ್ಮ ಅನುಭವ ಹೇಳಿ

ನನಗೆ 32, ನಮ್ಮವರಿಗೆ 35. ಇಬ್ಬರೂ ಸಾಫ್ಟ್‌ವೇರ್. ಮಗಳಿಗೆ 4 ವರ್ಷ. ಹೊರಗೆ ಹೋಗೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ಅಮೆರಿಕ, ಕೆನಡಾ, ಜರ್ಮನಿ ಅಂತ ಮೂರು ಹೆಸರಿದೆ, ಮೂರರ ನಿಯಮವೂ ತಲೆಗೆ ಹೋಗುತ್ತಿಲ್ಲ. ನೀವು ಯಾಕೆ ಹೋದಿರಿ, ಅಲ್ಲಿ ಏನಾಯಿತು?

ಅಮೆರಿಕದಲ್ಲಿರುವವರು

ಮೇಡಂ, ಮೊದಲು ಮಗಳ ವಯಸ್ಸಿನಿಂದ ಲೆಕ್ಕ ಶುರು ಮಾಡಿ. ನಾವು ಮಾಡಲಿಲ್ಲ.

ಎರಡು ವರ್ಷ ದುಡಿದು ಬರೋಣ ಅಂತ ಬಂದವರು ನಾವು. ಈಗ 14 ವರ್ಷ. ಎಚ್‌-1ಬಿ ಅನ್ನೋ ತಾತ್ಕಾಲಿಕ ಕೆಲಸದ ವೀಸಾ ಸಿಗುವುದೇ ಕಷ್ಟ, ವರ್ಷಕ್ಕೆ 85,000 ಮಾತ್ರ, ನಮಗೆ ಸಿಕ್ಕಿತು. ಆದರೆ ನಿಜವಾದ ಗಂಟು ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ. ಕೆಲಸದ ಮೇಲೆ ಕೊಡುವುದು ವರ್ಷಕ್ಕೆ ಸುಮಾರು 1,40,000. ಅದರಲ್ಲೇ ಹೆಂಡತಿ ಮಕ್ಕಳೂ ಸೇರಿದರು. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ರ ಮಿತಿ. ಚಿಕ್ಕ ದ್ವೀಪಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ! ಅದಕ್ಕೇ ನಮ್ಮವರ ಸಾಲು ಅಷ್ಟು ಉದ್ದ. ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಅಲ್ಲ. ನಡುವೆ ಬೇರೆ ದೇಶದ ಪೌರತ್ವ ತಗೊಂಡರೂ ಸಾಲು ಬದಲಾಗುವುದಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ಸಾಲು ಹಿಡಿಯಬಹುದು. ನಮಗೆ ಆ ಪುಣ್ಯ ಇರಲಿಲ್ಲ.

ಆರು ವರ್ಷದ ವೀಸಾವನ್ನು, ಸಾಲಿನಲ್ಲಿದ್ದೀವಿ ಅನ್ನೋ ಕಾರಣಕ್ಕೆ, ಮೂರು ಮೂರು ವರ್ಷ ಮುಂದುವರಿಸುತ್ತಾ ಬಂದಿದ್ದೇವೆ. ಒಮ್ಮೆ ಕೆಲಸ ಹೋಯಿತು. ಹೊಸ ಕೆಲಸ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಹೊಸದು ಸಿಕ್ಕಿದ್ದು 52ನೇ ದಿನ. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಮಗ ಬಂದಾಗ 3 ವರ್ಷ, ಈಗ 17. ಅವನಿಗೆ 21 ತುಂಬುವಷ್ಟರಲ್ಲಿ ನಮ್ಮ ಸರದಿ ಬರದಿದ್ದರೆ ನಮ್ಮ ಅರ್ಜಿಯಿಂದ ಹೊರಗೆ. (ಅರ್ಜಿ ಬಾಕಿ ಇದ್ದ ದಿನಗಳನ್ನು ವಯಸ್ಸಿನಿಂದ ಕಳೆಯುತ್ತಾರೆ, ಸ್ವಲ್ಪ ಉಸಿರಾಡಬಹುದು.) ಹೊರಗೆ ಬಿದ್ದರೆ, ಇಲ್ಲೇ ಬೆಳೆದ ಹುಡುಗ ವಿದೇಶಿ ವಿದ್ಯಾರ್ಥಿ ಅಂತ ವೀಸಾ ತಗೋಬೇಕು.

ಕೆನಡಾದಿಂದ

ನಾವು ಬಂದಿದ್ದು ಹಣಕ್ಕಲ್ಲ. ವರ್ಷಗಟ್ಟಲೆ ಕಾಯುವುದು ಬೇಡ ಅಂತ. ಇಲ್ಲಿ 1967ರಿಂದಲೂ ಅಂಕದ ಲೆಕ್ಕ. 2015ರಿಂದ ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಅಂಕ ಹೆಚ್ಚಿದ್ದವರನ್ನು ಕರೆಯುವ ಪದ್ಧತಿ. ವಯಸ್ಸಿಗೆ ಪೂರ್ತಿ ಅಂಕ 29ರವರೆಗೆ, ಆಮೇಲೆ ವರ್ಷ ವರ್ಷ ಇಳಿದು 45ಕ್ಕೆ ಸೊನ್ನೆ. ನಿಮ್ಮಿಬ್ಬರಲ್ಲಿ ಮುಖ್ಯ ಅರ್ಜಿದಾರರು ನೀವಾದರೆ ಎಷ್ಟು, ಅವರಾದರೆ ಎಷ್ಟು, ಎರಡೂ ಕೂಡಿ ನೋಡಿ. ನಾವು ಸುಮ್ನೆ ಗಂಡಸರ ಹೆಸರಲ್ಲೇ ಹಾಕಿ ಎಂಟು ತಿಂಗಳು ಕಳೆದೆವು. ನನ್ನ ಹೆಸರಿಗೆ ಬದಲಾಯಿಸಿದ ಮೇಲೆ ಕರೆ ಬಂತು.

ಐಇಎಲ್‌ಟಿಎಸ್‌ನಲ್ಲಿ (ಇಂಗ್ಲಿಷ್ ಪರೀಕ್ಷೆ) ಕೇಳುವುದಕ್ಕೆ 8, ಉಳಿದ ಮೂರಕ್ಕೆ 7 ಬಂದರೆ ಅಂಕ ಒಂದೇ ಸಲಕ್ಕೆ ಏರುತ್ತದೆ. ಇನ್ನೊಮ್ಮೆ ಪರೀಕ್ಷೆ ಬರೆಯಲು ಜಿಪುಣತನ ಬೇಡ. ಕೆಲಸದ ಆಫರ್‌ಗೆ ಕೊಡುತ್ತಿದ್ದ ಅಂಕ 2025ರ ಮಾರ್ಚ್‌ನಲ್ಲಿ ತೆಗೆದುಬಿಟ್ಟರು. ಹಣ ಕೊಟ್ಟರೆ ಆಫರ್ ಲೆಟರ್ ತರಿಸ್ತೀನಿ ಅನ್ನುವ ಏಜೆಂಟ್ ಸಿಕ್ಕರೆ ದೂರವಿರಿ.

ಪಿಆರ್ (ಕಾಯಂ ವಾಸದ ಹಕ್ಕು) ಕೊಡುವಾಗ ಸರ್ಕಾರ ನನ್ನ ಡಿಗ್ರಿ ಎಣಿಸಿತು. ಕೆಲಸ ಕೊಡುವವರು ಎಣಿಸಲಿಲ್ಲ, ಇಲ್ಲಿನ ಅನುಭವ ಎಲ್ಲಿ ಅಂದರು. ಏಳು ತಿಂಗಳು ಗೋದಾಮಿನಲ್ಲಿ ಡಬ್ಬ ಜೋಡಿಸಿದೆ. ಅಷ್ಟು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಬನ್ನಿ.

ಜರ್ಮನಿಯಿಂದ, ಚುಟುಕಾಗಿ

ಕೆಲಸ ಸಿಕ್ಕಿತು, ಬ್ಲೂ ಕಾರ್ಡ್ (ಓದಿದವರಿಗೆ ಕೊಡುವ ಕೆಲಸದ ಪರವಾನಗಿ) ಸಿಕ್ಕಿತು, ಬಂದೆವು. ಹೆಂಡತಿಗೂ ಕೆಲಸ ಮಾಡುವ ಹಕ್ಕು ಮೊದಲ ದಿನದಿಂದ. ಜರ್ಮನ್ ಬಿ1 ಮಟ್ಟ ಬಂದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ, ಅದಕ್ಕಿಂತ ಕೆಳಗಿನ ಎ1 ಆದರೆ 27. ಆರು ತಿಂಗಳ ಸೋಮಾರಿತನಕ್ಕೆ ಬೆಲೆ ಎಷ್ಟು ಅಂತ ಇಷ್ಟು ನೇರವಾಗಿ ಯಾರೂ ಹೇಳಲ್ಲ ಅಲ್ವಾ? 2024ರಿಂದ ಈ ದೇಶ ಎರಡು ಪೌರತ್ವ ಒಪ್ಪುತ್ತದೆ. ಭಾರತ ಒಪ್ಪುವುದಿಲ್ಲ. ನನ್ನ ಪೌರತ್ವದ ಅರ್ಜಿ ಮೇಜಿನ ಮೇಲೇ ಇದೆ, ಸಹಿ ಹಾಕಿಲ್ಲ.

ವಾಪಸ್ ಬಂದವರು

ಯಾಕೆ ಹೋಗಬೇಕು ಅಂತ ನೀವು ಬರೆದೇ ಇಲ್ಲ. ಹಣಕ್ಕಾದರೆ ತಾತ್ಕಾಲಿಕ ವೀಸಾ ಸಾಕು. ಮಗಳು ಅಲ್ಲೇ ಬೆಳೆಯಲಿ ಅಂತಿದ್ದರೆ ಕಾಯಂ ದಾರಿ ಬೇಕು. ಇವೆರಡನ್ನೂ ಬೆರೆಸಿಕೊಂಡೇ ನಾವು ಒಂಬತ್ತು ವರ್ಷ ಓಡಾಡಿದ್ದು.

ಕೇಳಿದವರು

ಯಾಕೆ ಅಂತ ನಿನ್ನೆ ರಾತ್ರಿ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದೆವು. ನಾನು ಮಗಳ ಹೆಸರು ಬರೆದಿದ್ದೆ. ಅವರು ಸಾಲ ಅಂತ ಬರೆದಿದ್ದರು. ದೇಶದ ಮಾತು ಸದ್ಯಕ್ಕೆ ನಿಲ್ಲಿಸಿದ್ದೇವೆ.