171 ಅಡಿಗೆ ಗಾಡಿ ಕೈ ಕೊಡ್ತಿದೆ, ಯಾರಾದ್ರೂ ದಾರಿ ತೋರಿಸಿ (ಡೀಸೆಲ್ ಪಿಕಪ್, ಸ್ಲೆಡ್ ಪುಲ್)

ಕೊಲಂಬಸ್_ಕನ್ನಡಿಗ:
ತಲೆ ಕೆಟ್ಟು ಹೋಗಿದೆ. ಶನಿವಾರ ಇಲ್ಲಿ ಇಂಡಿಯಾನಾದ ಒಂದು ಕೌಂಟಿ ಮೇಳದಲ್ಲಿ ಮೊದಲ ಸಲ ಸ್ಲೆಡ್ (ಭಾರ ಹೊತ್ತ ಬಂಡಿ, ಯಾರು ಹೆಚ್ಚು ದೂರ ಎಳೀತಾರೆ ಅನ್ನೋದೇ ಆಟ) ಎಳೆದೆ. ಟ್ರ್ಯಾಕ್ 300 ಅಡಿ, ನಾನು ನಿಂತಿದ್ದು 171ಕ್ಕೆ. ನನ್ನ ನಂತರ ಬಂದ ಹುಡುಗ, ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ, ಇಂಥದ್ದೇ ಟ್ರಕ್ಕಲ್ಲಿ 280 ದಾಟಿಸಿದ. ನನ್ನದು 2006ರ ರಾಮ್ 2500, 5.9 ಲೀಟರ್ ಕಮಿನ್ಸ್ ಎಂಜಿನ್, ಫೋರ್ ವೀಲ್ ಡ್ರೈವ್. ಪವರ್ ಹೆಚ್ಚಿಸೋ ಟ್ಯೂನರ್ ಹಾಕಿದ್ದೇನೆ, ಎಕ್ಸಾಸ್ಟ್ ಬದಲಾಯಿಸಿದ್ದೇನೆ. ದಿನಾ ಆಫೀಸಿಗೆ ಇದೇ ಗಾಡಿ, ಮಕ್ಕಳನ್ನು ಈಜು ಕ್ಲಾಸಿಗೆ ಬಿಡೋದೂ ಇದರಲ್ಲೇ. ಹಾಗಾಗಿ ಎಂಜಿನ್ ಬಿಚ್ಚಿ ಅನ್ನೋ ಸಲಹೆ ಬೇಡ. ಹೈವೇಯಲ್ಲಿ ಬಾಣದ ಹಾಗೆ ಓಡುತ್ತೆ, ಸ್ಲೆಡ್ ಕಟ್ಟಿದರೆ ಅರ್ಧ ದಾರಿಗೆ ಪವರ್ರೇ ಇರಲ್ಲ. ಏನಿರಬಹುದು?

ಹಳೇ_ಪಂಪು:
ಬೂಸ್ಟ್ ಲೀಕ್, ಅಂದ್ರೆ ಟರ್ಬೊ ಎಂಜಿನ್ನಿಗೆ ಒತ್ತೋ ಗಾಳಿ ನಡುವೆ ಸೋರ್ತಿದೆ. ಕಣ್ಣು ಮುಚ್ಚಿ ಹೇಳುತ್ತೇನೆ. ಅಷ್ಟು ಹಳೇ ಗಾಡಿಯಲ್ಲಿ ಇಂಟರ್‌ಕೂಲರ್ (ಆ ಗಾಳಿ ತಣಿಸೋ ಭಾಗ) ಪೈಪಿನ ರಬ್ಬರ್ ಬೂಟುಗಳು ಬಿರುಕು ಬಿಟ್ಟಿರುತ್ತವೆ. ಟರ್ಬೊ ಬಾಯಿಗೆ ಮುಚ್ಚಳ ಹಾಕಿ, 20 ಪಿಎಸ್‌ಐ ಗಾಳಿ ಕೊಟ್ಟು, ಸೋಪಿನ ನೀರು ಹಚ್ಚಿ ನೋಡಿ. ನನ್ನ 97ರ ಹನ್ನೆರಡು ವಾಲ್ವ್ ಗಾಡಿಯಲ್ಲಿ ಈ ಗೋಳೇ ಇಲ್ಲ. ಪಿ7100 ಡೀಸೆಲ್ ಪಂಪು, ಕಂಪ್ಯೂಟರ್ ಇಲ್ಲ, ಸ್ಪ್ಯಾನರ್ ಇದ್ದರೆ ಸಾಕು.

ಅಯೋವಾ_ಭಟ್ಟ:
ಹನ್ನೆರಡು ವಾಲ್ವಿಗೂ ಇಂಟರ್‌ಕೂಲರ್ ಬೂಟು ಉಂಟು ಮಾರಾಯ್ರೆ, ಕಂಪ್ಯೂಟರ್ ಇಲ್ಲದಿದ್ದರೆ ರಬ್ಬರ್ ಹಳತಾಗುವುದಿಲ್ಲವಾ?
ಕೊಲಂಬಸ್ ಅವರೇ, ಪವರ್ ಇರಲ್ಲ ಅಂದ್ರೆ ಏನು? ಆರ್‌ಪಿಎಂ ಬಿತ್ತಾ? ಆರ್‌ಪಿಎಂ ಹಾಗೇ ಇದ್ದು ಗಾಡಿ ಮಾತ್ರ ನಿಧಾನ ಆಯ್ತಾ? ಇಲ್ಲ ಚಕ್ರ ಸುಮ್ನೆ ತಿರುಗಿ ಮಣ್ಣು ಅಗೆಯಿತಾ? ಮೂರಕ್ಕೂ ಮದ್ದು ಬೇರೆ ಬೇರೆ.

ಕೊಲಂಬಸ್_ಕನ್ನಡಿಗ:
ಮೀಟರ್ ನೋಡೋ ಸ್ಥಿತಿಯಲ್ಲಿ ಇರಲಿಲ್ಲ ಸರ್. ಕೈ ನಡುಗ್ತಿತ್ತು. ಕಪ್ಪು ಹೊಗೆ ಬಂತು, ಜನ ಕೂಗಿದರು, ಆಮೇಲೆ ಕೆಂಪು ಬಾವುಟ. ಬೂಸ್ಟ್ ಟೆಸ್ಟ್ ಈ ವಾರಾಂತ್ಯ ಮಾಡುತ್ತೇನೆ.

ಹಳೇ_ಪಂಪು:
ಕಪ್ಪು ಹೊಗೆ ಅಂದ್ರೆ ಡೀಸೆಲ್ ಇದೆ, ಗಾಳಿ ಇಲ್ಲ. ನಾನು ಹೇಳಿದ್ದೇ ಆಯ್ತು ನೋಡಿ.

ಅಯೋವಾ_ಭಟ್ಟ:
ಟ್ಯೂನರ್ ಹಾಕಿ ಕಂಪನಿ ಟರ್ಬೊ ಉಳಿಸಿಕೊಂಡ ಎಲ್ಲ ಗಾಡಿಯೂ ಕಪ್ಪು ಹೊಗೆ ಬಿಡುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಕೊಲಂಬಸ್_ಕನ್ನಡಿಗ:
ಭಾನುವಾರ ಪೂರ್ತಿ ಹೋಯ್ತು. ಎಲ್ಲ ಬೂಟಿಗೂ ಸೋಪು ಹಚ್ಚಿದೆ, ಒಂದು ಗುಳ್ಳೆ ಬರಲಿಲ್ಲ. ಲಾಭ ಅಂದ್ರೆ ಒಂದು ಕ್ಲ್ಯಾಂಪ್ ಮುರಿದುಕೊಂಡೆ. ಮನೆಯಲ್ಲಿ ಬೈಗುಳ ಬೇರೆ, ಪಾತ್ರೆ ಸೋಪು ಖಾಲಿ ಅಂತ.

ಹಳೇ_ಪಂಪು:
20 ಪಿಎಸ್‌ಐಗೆ ಕಾಣದ ಲೀಕು 30ಕ್ಕೆ ಕಾಣುತ್ತೆ. ಇನ್ನೊಂದು ಸಲ ಮಾಡಿ. ಅಲ್ಲೂ ಇಲ್ಲ ಅಂದ್ರೆ ಟ್ಯಾಂಕಿಂದ ಡೀಸೆಲ್ ತರೋ ಲಿಫ್ಟ್ ಪಂಪು.

ರಾಯಚೂರು_ಎತ್ತು:
ಎಲ್ಲರೂ ಎಂಜಿನ್ ಹಿಂದೆ ಬಿದ್ದೀರಿ, ಸ್ವಲ್ಪ ಸ್ಲೆಡ್ ಕಡೆ ನೋಡ್ರಿ. ನಮ್ಮೂರಲ್ಲಿ ಕಾರಹುಣ್ಣಿಮೆ ಹೊತ್ತಿಗೆ ಎತ್ತುಗಳಿಂದ ಕಲ್ಲು ಎಳೆಸುತ್ತಾರೆ. ಕಲ್ಲು ಒಂದೂವರೆ ಟನ್ ಇದ್ದರೆ ಕೊನೆವರೆಗೂ ಒಂದೂವರೆ ಟನ್ನೇ. ಈ ಸ್ಲೆಡ್ ಹಾಗಲ್ಲ. ಹೊರಡುವಾಗ ಭಾರದ ಪೆಟ್ಟಿಗೆ ಹಿಂದೆ, ಸ್ಲೆಡ್ಡಿನ ಚಕ್ರದ ಮೇಲೆ ಇರುತ್ತೆ. ನೀವು ಮುಂದೆ ಹೋದ ಹಾಗೆ ಅದೂ ಮುಂದೆ ಸರಿದು, ಭಾರವೆಲ್ಲ ನೆಲಕ್ಕೆ ಉಜ್ಜುವ ತಟ್ಟೆ ಮೇಲೆ ಬೀಳುತ್ತೆ. ಅಂದ್ರೆ ಮೊದಲ 100 ಅಡಿ ಯಾರು ಬೇಕಾದರೂ ಎಳೀತಾರೆ. ನಿಮ್ಮ ಗಾಡಿಯ ಯೋಗ್ಯತೆ ಗೊತ್ತಾಗೋದು 150 ದಾಟಿದ ಮೇಲೇ.
ಎರಡು ಪ್ರಶ್ನೆ. ಹಿಚ್ (ಸ್ಲೆಡ್ ಸಿಕ್ಕಿಸೋ ಹಿಂದಿನ ಕೊಂಡಿ) ಎತ್ತರ ಎಷ್ಟು? ಗಾಡಿಯಲ್ಲಿ ಭಾರ ಎಲ್ಲಿ ಇಟ್ಟಿದ್ರಿ?

ಕೊಲಂಬಸ್_ಕನ್ನಡಿಗ:
ಹಿಚ್ 19 ಇಂಚು. ರೂಲ್ ಶೀಟಲ್ಲಿ 26ರೊಳಗೆ ಇರಬೇಕು ಅಂತ ಇದೆ, ಒಳಗೇ ಇದೆಯಲ್ಲ. ಮನೆಯ ಟ್ರೈಲರ್‌ಗೆ ಹಾಕೋ ಡ್ರಾಪ್ ಹಿಚ್ಚನ್ನೇ (ಕೆಳಗೆ ಬಾಗಿರೋದು) ಬಾಲ್ ತೆಗೆದು, ಕ್ಲೆವಿಸ್ (ಯು ಆಕಾರದ ಕೊಂಡಿ) ಸಿಕ್ಕಿಸಿ ಬಳಸಿದೆ. ಗಾಡಿಯ ತೂಕ 8,000 ಪೌಂಡ್‌ವರೆಗೆ ಇರಬಹುದು ಅಂತ ಇತ್ತು, ಅದಕ್ಕೆ 800 ಪೌಂಡ್ ಮರಳಿನ ಚೀಲ ಟೈಲ್‌ಗೇಟ್ ಪಕ್ಕ ಪೇರಿಸಿದ್ದೆ. ಹಿಂದಿನ ಚಕ್ರಕ್ಕೆ ಹಿಡಿತ ಬರಲಿ ಅಂತ.

ರಾಯಚೂರು_ಎತ್ತು:
ಅಯ್ಯೋ ನಮ್ಮಪ್ಪಾ. ಎತ್ತಿನ ಗಾಡಿಗೆ ಹಿಂದೆ ಭಾರ ಹೇರಿದರೆ ಮೂಕಿ ಮೇಲೇಳುತ್ತಲ್ಲ, ಅದೇ ಕೆಲಸ ಮಾಡಿದ್ದೀರಿ. ಟೈಲ್‌ಗೇಟ್ ಹಿಂದಿನ ಆಕ್ಸಲ್ಲಿಗಿಂತ ಎಷ್ಟು ಹಿಂದಿದೆ ನೋಡ್ರಿ. ಅಲ್ಲಿಟ್ಟ ಮರಳು ಮುಂದಿನ ಚಕ್ರವನ್ನು ಹಗುರ ಮಾಡುತ್ತೆ. ನಾಲ್ಕು ಚಕ್ರದ ಗಾಡಿ ತಗೊಂಡು ಎರಡರಲ್ಲಿ ಎಳೆದಿದ್ದೀರಿ. ಭಾರ ಮುಂದೆ ಇರಬೇಕು, ಬಂಪರ್ ಮುಂದೆ ಬ್ರಾಕೆಟ್ ಕಟ್ಟಿ. ಅದು ಆಗಲ್ಲ ಅಂದ್ರೆ ಚೀಲಗಳನ್ನು ಕ್ಯಾಬಿನ್ ಗೋಡೆಗಾದರೂ ಒತ್ತಿ ಇಡಿ.
ಇನ್ನು 26 ಇಂಚು ಅನ್ನೋದು ಮಿತಿ ಮಾತ್ರ ಅಲ್ಲ, ಎಲ್ಲರೂ ಅಲ್ಲಿಗೇ ಮುಟ್ಟಿಸೋಕೆ ಒದ್ದಾಡ್ತಾರೆ. ಕೊಂಡಿ ಮೇಲಿದ್ದಷ್ಟೂ ಸ್ಲೆಡ್ಡೇ ನಿಮ್ಮ ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತೆ. 19ಕ್ಕೆ ಕಟ್ಟಿದರೆ ಆ ಪುಕ್ಕಟೆ ಭಾರ ಸಿಗಲ್ಲ.

ಹಳೇ_ಪಂಪು:
ಟೈರ್ ಪ್ರೆಷರ್ 30ಕ್ಕೆ ಇಳಿಸಿ. ಅಗಲ ಹಿಡಿತ.

ಅಯೋವಾ_ಭಟ್ಟ:
30ಕ್ಕೆ ಇಳಿಸಿದರೆ ಟೈರಿನ ಗೋಡೆ ಮುದುಡುತ್ತದೆ, ಆಮೇಲೆ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ನಾನು 50ರ ಕೆಳಗೆ ಹೋಗುವುದಿಲ್ಲ.

ಹಳೇ_ಪಂಪು:
ನಿಮ್ಮ ಟೈರು ಯಾವುದು, ನನ್ನದು ಯಾವುದು? ಮಣ್ಣು ಒಣಗಿತ್ತಾ, ಹಸಿ ಇತ್ತಾ? ಸುಮ್ನೆ ಒಂದು ನಂಬರ್ ಎಸೆಯಬೇಡಿ.

ಅಯೋವಾ_ಭಟ್ಟ:
30 ಅಂತ ನಂಬರ್ ಎಸೆದದ್ದು ಯಾರು?

ಟೊಲೀಡೊ_ತಿಮ್ಮ:
ಜಗಳ ಆಡ್ತಾ ಇರಿ, ನಡುವೆ ಒಂದು ಮಾತು. ಆಗಸ್ಟಲ್ಲಿ ಒಮ್ಮೆ ಒಹಾಯೋದ ಬೌಲಿಂಗ್ ಗ್ರೀನ್‌ಗೆ ಬನ್ನಿ. 1967ರಿಂದ ನಡೀತಿರೋ ರಾಷ್ಟ್ರೀಯ ಟ್ರ್ಯಾಕ್ಟರ್ ಪುಲ್ಲಿಂಗ್, ನಾಲ್ಕೈದು ಎಂಜಿನ್ ಸಾಲಾಗಿ ಕಟ್ಟಿದ ಗಾಡಿಗಳು ಬರುತ್ತವೆ. ಎದೆಯೊಳಗೆ ಗುಡುಗು ಹೊಕ್ಕ ಹಾಗಾಗುತ್ತೆ. ನಾನು ಎರಡು ಟರ್ಬೊ ಹಾಕಿಸ್ತಾ ಇದ್ದೇನೆ, ಹೊಸ ಇಂಜೆಕ್ಟರ್, ಮುಂದೆ ಹಿಂದೆ ಎರಡೂ ಲಾಕರ್ (ಎಡ ಬಲ ಚಕ್ರ ಒಟ್ಟಿಗೇ ತಿರುಗಿಸೋದು), ಫೋಟೋ ಆಮೇಲೆ ಹಾಕುತ್ತೇನೆ.

ಅಯೋವಾ_ಭಟ್ಟ:
ಹೋದ ವರ್ಷವೂ ಇದನ್ನೇ ಹೇಳಿದ್ರಿ ತಿಮ್ಮಣ್ಣ.

ಕೊಲಂಬಸ್_ಕನ್ನಡಿಗ:
ಗೆಳೆಯ ತೆಗೆದ ವಿಡಿಯೋ ಸಿಕ್ಕಿತು. ಮುಂದಿನ ಚಕ್ರ ನಿಜಕ್ಕೂ ಸುಮ್ನೆ ಜಾರ್ತಿದೆ, ರಾಯಚೂರು ಸರ್ ಹೇಳಿದ ಹಾಗೇ. ಆದ್ರೆ ಇನ್ನೊಂದಿದೆ. 120 ಅಡಿ ಹತ್ತಿರ ಗೇರ್ ಬದಲಾದ ಸದ್ದು ಬರುತ್ತೆ, ಆಮೇಲೆ ಎಂಜಿನ್ ಒಂದೇ ಸಮ ಕೂಗ್ತಾ ಇರುತ್ತೆ, ಗಾಡಿ ಮಾತ್ರ ನಿಧಾನ ಆಗುತ್ತೆ.

ಅಯೋವಾ_ಭಟ್ಟ:
ಎಂಜಿನ್ ಕೂಗ್ತಾ ಇದೆ ಅಂದ್ರೆ ಎಂಜಿನ್ ಸೋತಿಲ್ಲ, ಬೂಸ್ಟ್ ಕತೆ ಅಲ್ಲಿಗೆ ಮುಗಿಯಿತು. ಕ್ಲಚ್ ಜಾರುತ್ತಿರಬೇಕು. ಆದರೆ ಎಳೆಯುತ್ತಾ ಅರ್ಧದಲ್ಲಿ ಗೇರ್ ಯಾಕೆ ಬದಲಾಯಿಸಿದ್ರಿ?

ಕೊಲಂಬಸ್_ಕನ್ನಡಿಗ:
ನಾನೆಲ್ಲಿ ಬದಲಾಯಿಸಿದೆ? ಆಟೋಮ್ಯಾಟಿಕ್ ಅಲ್ವಾ. ಫೋರ್ ಹೈ (ನಾಲ್ಕೂ ಚಕ್ರಕ್ಕೆ ಪವರ್, ಮಾಮೂಲಿ ವೇಗ), ಡ್ರೈವ್‌ಗೆ ಹಾಕಿ ಹೊರಟೆ.

ಅಯೋವಾ_ಭಟ್ಟ:
ಆಟೋಮ್ಯಾಟಿಕ್ ಅಂತ ಎರಡು ವಾರದಲ್ಲಿ ಒಮ್ಮೆಯಾದರೂ ಬರೆದಿದ್ದೀರಾ? ಫೋರ್ ಹೈ ಅಂತ?
ಕೇಳಿ. ನಿಮ್ಮದು 48ಆರ್‌ಇ ಗೇರ್‌ಬಾಕ್ಸ್. ಮೊದಲ ಗೇರ್ ಎಂಜಿನ್ ಬಲವನ್ನು 2.45 ಪಟ್ಟು ಮಾಡುತ್ತದೆ, ಎರಡನೇದು 1.45, ಮೂರನೇದು ನೇರ, ಅಂದ್ರೆ 1. ಫೋರ್ ಲೋ (ವೇಗ ಕಮ್ಮಿ, ಬಲ ಹೆಚ್ಚು) ಅಂದ್ರೆ ಅದರ ಮೇಲೆ ಇನ್ನೂ 2.72 ಪಟ್ಟು. ಹಾಗಾಗಿ ಹೈಯಲ್ಲಿ ಮೊದಲ ಗೇರು, ಲೋದಲ್ಲಿ ಮೂರನೇ ಗೇರು, ಲೆಕ್ಕಕ್ಕೆ ಹೆಚ್ಚುಕಮ್ಮಿ ಒಂದೇ. ಆದರೆ ನೀವು ಹೈಯಲ್ಲಿ ಹೊರಟು, ಸ್ಲೆಡ್ಡಿನ ಭಾರದ ಪೆಟ್ಟಿಗೆ ಮುಂದೆ ಬರೋ ಹೊತ್ತಿಗೆ ಸರಿಯಾಗಿ ಎರಡನೇ ಗೇರಿಗೆ ಬಿದ್ರಿ, ಎಳೆಯುವ ಬಲ ಅಲ್ಲೇ 40 ಶೇಕಡಾ ಹೋಯಿತು. ಉಳಿದದ್ದನ್ನು ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಎಣ್ಣೆ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಒಳಗೆ ಎಣ್ಣೆ ಕಡೆಯುತ್ತಾ ಬಿಸಿ ಮಾಡಿ ಕಳೆದ್ರಿ.
ಫೋರ್ ಲೋ ಹಾಕಿ, ಓವರ್‌ಡ್ರೈವ್ (ನಾಲ್ಕನೇ ಗೇರ್) ಆಫ್ ಮಾಡಿ. ಒಂದು, ಎರಡು ಬೇಗ ಮುಗಿದು, ಸ್ಲೆಡ್ ಹಗುರ ಇರುವಾಗಲೇ ಮೂರಕ್ಕೆ ಬಂದಿರುತ್ತೀರಿ. ಚೈನ್ ಬಿಗಿ ಆಗೋವರೆಗೆ ಮೆಲ್ಲಗೆ, ಆಮೇಲೆ ಒತ್ತಿ.

ಟೊಲೀಡೊ_ತಿಮ್ಮ:
ಕನ್ವರ್ಟರನ್ನು ಬಿಗಿಯಾಗಿ ಕಚ್ಚಿಸೋ ಲಾಕಪ್ ಸ್ವಿಚ್ ಹಾಕಿಸಿ, ಕನ್ವರ್ಟರ್ ಜಾರೋದೇ ಇಲ್ಲ.

ಅಯೋವಾ_ಭಟ್ಟ:
ಟ್ಯೂನರ್ ತುದಿಗಿಟ್ಟು, ಕಾಲು ಪೂರ್ತಿ ಒತ್ತಿ, ಆ ಸ್ವಿಚ್ ಹಾಕಿದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಮುರಿದೀತು. ಅವರು ಸೋಮವಾರ ಆಫೀಸಿಗೆ ಹೋಗಬೇಕು. ಮೊದಲು ಟ್ಯೂನರ್ ಎರಡು ಮೆಟ್ಟಿಲು ಇಳಿಸಿ, ಇಜಿಟಿ (ಎಕ್ಸಾಸ್ಟ್ ಗಾಳಿಯ ಬಿಸಿ) 1,300 ಫ್ಯಾರನ್‌ಹೀಟ್ ಮೇಲೆ ಹೆಚ್ಚು ಹೊತ್ತು ನಿಲ್ಲದ ಹಾಗೆ ನೋಡಿಕೊಳ್ಳಿ.

ಕೊಲಂಬಸ್_ಕನ್ನಡಿಗ:
ಇವತ್ತು ಪಕ್ಕದ ಕೌಂಟಿಯಲ್ಲಿ ಎಳೆದೆ. ನೇರ ಹಿಚ್, 25 ಮುಕ್ಕಾಲು ಇಂಚು. ಮರಳು ಕ್ಯಾಬಿನ್‌ಗೆ ಒತ್ತಿ. ಫೋರ್ ಲೋ. ಟ್ಯೂನರ್ ಇಳಿಸಿದ್ದೆ. 238 ಅಡಿ! ಭಟ್ಟರೇ, ರಾಯಚೂರು ಸರ್, ಇಬ್ಬರಿಗೂ ಒಂದೊಂದು ಊಟ ಬಾಕಿ.
ಆದ್ರೆ 200 ದಾಟಿದ ಮೇಲೆ ಹಿಂದೆ ಧಡಧಡ ಅಂತ ಕುಣಿಯೋಕೆ ಶುರು ಮಾಡಿತು, ಹಲ್ಲು ಕಚ್ಚಿ ಕೂತಿದ್ದೆ. ಕಾಲು ತೆಗೆಯಲೇ ಬೇಕಾಯ್ತು. ಟೈರಲ್ಲಿ 50 ಪಿಎಸ್‌ಐ ಇತ್ತು.

ಹಳೇ_ಪಂಪು:
30 ಇಟ್ಟಿದ್ದರೆ ಕುಣೀತಾ ಇರಲಿಲ್ಲ.

ರಾಯಚೂರು_ಎತ್ತು:
ಟೈರು ಬಿಡ್ರಿ. ಭಾರ ಬಿದ್ದಾಗ ಹಿಂಭಾಗ ಕೂತು, ಮತ್ತೆ ಎದ್ದು, ಮತ್ತೆ ಕೂತರೆ ಹೀಗೆ ಕುಣಿಯುತ್ತೆ. ಕೂತಷ್ಟೂ ಹಿಚ್ಚೂ ಕೆಳಗೆ ಹೋಗುತ್ತೆ, ನಿಂತಾಗ ಅಳೆದ 25 ಮುಕ್ಕಾಲು ಆಗ ಎಷ್ಟಿತ್ತೋ. ಲೀಫ್ ಸ್ಪ್ರಿಂಗು ಕಂಪನಿದೇ ತಾನೆ? ಆಕ್ಸಲ್ ಮೇಲೆ ಗಟ್ಟಿ ಬ್ಲಾಕ್ ಕೊಟ್ಟು ಕೂರದ ಹಾಗೆ ತಡೆಯಬಹುದು. ರೂಲ್ ಶೀಟಿನ ಸಸ್ಪೆನ್ಷನ್ ಭಾಗದ ಫೋಟೋ ಹಾಕಿ, ನೋಡೋಣ.

ಕೊಲಂಬಸ್_ಕನ್ನಡಿಗ:
ಸ್ಪ್ರಿಂಗ್ ಕಂಪನಿದೇ ಸರ್. ಅದರ ಜೊತೆ ಟ್ರೈಲರ್‌ಗೋಸ್ಕರ ಹಾಕಿಸಿದ ಏರ್‌ಬ್ಯಾಗ್ (ಸ್ಪ್ರಿಂಗಿಗೆ ಆಸರೆ ಕೊಡೋ ಗಾಳಿ ಚೀಲ) ಎರಡಿದೆ ಅಷ್ಟೇ. ಎಡಗಡೆದು ಸ್ವಲ್ಪ ಗಾಳಿ ಬಿಡುತ್ತೆ, ವಾರಕ್ಕೊಮ್ಮೆ ತುಂಬಿಸ್ತೇನೆ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಅಯೋವಾ_ಭಟ್ಟ:
ನಾನು ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತೇನೆ.