ಕ್ರಿಟ್1–ಹೆಗ್1 ಬಂಧನ: ಐಟಿಸಿಯಲ್ಲಿ ಶಾಖವೇ ಕಾಣುತ್ತಿಲ್ಲ

ಪ್ರಶ್ನೆ: ಮಿದುಳಿನ ಕ್ಯಾವರ್ನಸ್ ರಕ್ತನಾಳ ವಿಕೃತಿಗೆ ಸಂಬಂಧಿಸಿದ ಕ್ರಿಟ್1 ಪ್ರೋಟೀನಿನ ಫರ್ಮ್ ಡೊಮೇನ್ (ಬೇರೆ ಪ್ರೋಟೀನ್ ಹಿಡಿಯುವ ಭಾಗ) ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಚೆನ್ನಾಗಿ ಬಂದಿದೆ. ಐಟಿಸಿಗೆ (ಬಂಧನದ ಶಾಖ ಅಳೆಯುವ ವಿಧಾನ) ಹಾಕಿದ್ದು ಹೀಗೆ: ಸೆಲ್‌ನಲ್ಲಿ 5 ಮೈಕ್ರೋಮೋಲಾರ್ ಪ್ರೋಟೀನ್, ಸಿರಿಂಜ್‌ನಲ್ಲಿ 50 ಮೈಕ್ರೋಮೋಲಾರ್ ಹೆಗ್1 (ಕ್ರಿಟ್1 ಹಿಡಿಯುವ ಕೋಶಪೊರೆಯ ಪ್ರೋಟೀನ್) ಬಾಲದ ಪೆಪ್ಟೈಡ್, ಬಫರ್‌ನಲ್ಲಿ 2 ಮಿಲಿಮೋಲಾರ್ ಡಿಟಿಟಿ (ಪ್ರೋಟೀನ್ ಆಕ್ಸಿಡೀಕರಣ ತಡೆಯುವ ರಾಸಾಯನಿಕ). ಬೇಸ್‌ಲೈನ್ ಜಾರುತ್ತದೆ, ವಕ್ರರೇಖೆ ಸಿಗುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ 1: ಮೊದಲು ಪೆಪ್ಟೈಡಿನ ಸಿ-ತುದಿ ನೋಡಿ. ಹೆಗ್1 ಮುಗಿಯುವುದೇ ಟೈರೋಸಿನ್–ಫೀನೈಲ್‌ಅಲನಿನ್‌ನಲ್ಲಿ. ಫರ್ಮ್‌ನ ಎಫ್1, ಎಫ್3 ಎಂಬ ಉಪಭಾಗಗಳ ನಡುವಿನ ಸೀಳಿನಲ್ಲಿ ಕೂರುವುದು ಆ ಜೋಡಿಯೇ. ತುದಿಯನ್ನು ಅಮೈಡ್ ಮಾಡಿಸಿದ್ದರೆ, ಟ್ಯಾಗ್ ಅಲ್ಲಿಗೇ ಅಂಟಿಸಿದ್ದರೆ ಫಲಿತಾಂಶ ನಂಬಬೇಡಿ. ಟ್ಯಾಗ್ ಬೇಕಿದ್ದರೆ ಎನ್-ತುದಿಗೆ. ಕೊನೆಯ ಎರಡು ಅಮೈನೋ ಆಮ್ಲ ಕತ್ತರಿಸಿದ ಪೆಪ್ಟೈಡ್ ಒಳ್ಳೆಯ ನೆಗೆಟಿವ್ ಕಂಟ್ರೋಲ್.

ಉತ್ತರ 2: ಸಾಂದ್ರತೆಯೂ ಕಡಿಮೆ. ಬಂಧನ ಸುಮಾರು 1 ಮೈಕ್ರೋಮೋಲಾರ್ ಮಟ್ಟದ್ದು. ಸೆಲ್‌ಗೆ 20–25, ಸಿರಿಂಜ್‌ಗೆ 250 ಹಾಕಿ. ಡಿಟಿಟಿ ಗಾಳಿಯಲ್ಲಿ ಆಕ್ಸಿಡೀಕರಣಗೊಂಡು ಬೇಸ್‌ಲೈನ್ ಕೆಡಿಸುತ್ತದೆ, ಬದಲಿಗೆ ಅದೇ ಕೆಲಸ ಮಾಡುವ ಟಿಸಿಇಪಿ 0.5 ಮಿಲಿಮೋಲಾರ್ ಹಾಕಿ. ಟಿಎಫ್‌ಎ (ಪೆಪ್ಟೈಡ್ ತಯಾರಿಕೆಯಿಂದ ಉಳಿಯುವ ಆಮ್ಲ) ಲವಣವಿರುವ ಪೆಪ್ಟೈಡ್ ಪಿಎಚ್ ಇಳಿಸುತ್ತದೆ. ಪ್ರೋಟೀನ್ ಡಯಾಲಿಸಿಸ್ ಮಾಡಿದ ಬಫರ್‌ನಲ್ಲೇ ಕರಗಿಸಿ, ಪಿಎಚ್ ಮತ್ತೆ ಅಳೆಯಿರಿ.

ಉತ್ತರ 3: ಜೊತೆಗೆ ಐಕ್ಯಾಪ್1 (ಕ್ರಿಟ್1 ಹಿಡಿಯುವ ಇನ್ನೊಂದು ಪ್ರೋಟೀನ್) ಸೇರಿಸುವ ಯೋಚನೆಯಿದ್ದರೆ ಬಿಡಿ, ಅದು ಹಿಡಿಯುವುದು ಫರ್ಮ್ ಅನ್ನಲ್ಲ, ಕ್ರಿಟ್1ರ ಎನ್-ತುದಿಯ ಭಾಗವನ್ನು. ಜೆಲ್ ಫಿಲ್ಟ್ರೇಷನ್‌ನಲ್ಲಿ (ಗಾತ್ರದ ಪ್ರಕಾರ ಪ್ರೋಟೀನ್ ಬೇರ್ಪಡಿಸುವಾಗ) ವಾಯ್ಡ್ ಶಿಖರ, ಅಂದರೆ ಎಲ್ಲಕ್ಕಿಂತ ಮೊದಲು ಹೊರಬರುವ ದೊಡ್ಡ ಮುದ್ದೆಗಳ ಶಿಖರ, ಬಂದರೆ ಆ ಭಾಗ ಎಸೆದುಬಿಡಿ: ಮುದ್ದೆಗಟ್ಟಿದ ಪ್ರೋಟೀನಿನಿಂದ ಎನ್ ಮೌಲ್ಯ (ಒಂದು ಪ್ರೋಟೀನಿಗೆ ಎಷ್ಟು ಪೆಪ್ಟೈಡ್ ಎಂಬ ಲೆಕ್ಕ) 1ಕ್ಕಿಂತ ಎಷ್ಟೋ ಕೆಳಗೆ ಬರುತ್ತದೆ.